ಅಮೆರಿಕಕ್ಕೆ ಸ್ವಾತಂತ್ರ್ಯ 1776ರಲ್ಲಿ, ಸಂವಿಧಾನ 1787ರಲ್ಲಿ. ನಡುವಿನ 11 ವರ್ಷ ದೇಶ ಹೇಗೆ ನಡೆಯಿತು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅಮೆರಿಕ ಸಂವಿಧಾನ ಅಂದರೆ ಎಲ್ಲ ಗೈಡುಗಳಲ್ಲೂ ಅದೇ ನಾಲ್ಕೈದು ಸಾಲು. ಲಿಖಿತ ಸಂವಿಧಾನ, ಒಕ್ಕೂಟ ವ್ಯವಸ್ಥೆ, ಅಧಿಕಾರ ಪ್ರತ್ಯೇಕತೆ, ನಿಯಂತ್ರಣ ಮತ್ತು ಸಮತೋಲನ, ನ್ಯಾಯಾಂಗ ವಿಮರ್ಶೆ. ಬಾಯಿಪಾಠ ಆಗಿದೆ. ಆದರೆ ಯಾಕೆ ಹೀಗೆಯೇ ಮಾಡಿಕೊಂಡರು ಅನ್ನುವುದು ಎಲ್ಲೂ ಸಿಗುತ್ತಿಲ್ಲ.

ಇನ್ನೊಂದು ಪ್ರಶ್ನೆ. ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ, ಸಂವಿಧಾನ ಬರೆದದ್ದು 1787ರಲ್ಲಿ. ಅಷ್ಟು ವರ್ಷ ಯಾವ ನಿಯಮದ ಮೇಲೆ ಸರ್ಕಾರ ನಡೆಯಿತು? ರಾಜ ಬೇಡ ಅಂತ ಯುದ್ಧ ಮಾಡಿದವರು ಮತ್ತೆ ಬಲವಾದ ಕೇಂದ್ರ ಸರ್ಕಾರ ಯಾಕೆ ಕಟ್ಟಿಕೊಂಡರು? ತಿಳಿದವರು ಸ್ವಲ್ಪ ವಿವರವಾಗಿ ಬರೆಯಿರಿ. ಅಂಕಕ್ಕಾಗಿ ಕೇಳುತ್ತಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನಿಸಿದೆ.

ಧಾರವಾಡದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಆ 11 ವರ್ಷ ಓದದೆ ಆ ಸಂವಿಧಾನ ಓದಬಾರದು ಎಂದು ಮಕ್ಕಳಿಗೆ ಹೇಳುತ್ತಲೇ ಇದ್ದೆ. ಓದದಿದ್ದರೆ ಬರೀ ತತ್ವಗಳ ಪಟ್ಟಿ ಸಿಗುತ್ತದೆ. ಓದಿದ ಮೇಲೆ ನೋಡಿ, ಒಂದೊಂದು ಕಲಮಿನ ಹಿಂದೆಯೂ ಅವರು ತಿಂದ ಒಂದೊಂದು ಪೆಟ್ಟು ಕಾಣುತ್ತದೆ.

1787ಕ್ಕಿಂತ ಮೊದಲೇ ಅವರಿಗೆ ಒಂದು ಸಂವಿಧಾನ ಇತ್ತು. ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಎಂದು ಅದರ ಹೆಸರು. ಬರೆದದ್ದು 1777ರಲ್ಲಿ. ಹದಿಮೂರೂ ರಾಜ್ಯಗಳು ಒಪ್ಪಿ ಜಾರಿಗೆ ಬರುವಾಗ 1781ರ ಮಾರ್ಚ್ ಆಗಿತ್ತು. ಒಂದೇ ಸದನದ ಕಾಂಗ್ರೆಸ್. ವರ್ಜೀನಿಯಾದಂಥ ದೊಡ್ಡ ರಾಜ್ಯಕ್ಕೂ ಡೆಲವೇರ್‌ನಂಥ ಪುಟ್ಟ ರಾಜ್ಯಕ್ಕೂ ಒಂದೊಂದೇ ಓಟು. ಸರ್ಕಾರ ನಡೆಸುವ ಅಧ್ಯಕ್ಷ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೆರಿಗೆ ಹಾಕುವ ಅಧಿಕಾರ ಇಲ್ಲ. ದುಡ್ಡು ಬೇಕಾದರೆ ನಿಮ್ಮ ಪಾಲು ಇಷ್ಟು, ಕಳಿಸಿ ಎಂದು ರಾಜ್ಯಗಳಿಗೆ ಪತ್ರ ಬರೆಯಬೇಕು. ಅವು ಕಳಿಸದಿದ್ದರೆ ಸುಮ್ಮನೆ ಕೂರಬೇಕು.

ಲಂಡನ್ನಿನ ಸಂಸತ್ತು ತಮ್ಮನ್ನು ಕೇಳದೆ ತೆರಿಗೆ ಹಾಕಿತು ಎಂದು ಸಿಡಿದೆದ್ದ ಜನ ಅವರು. ದೂರದ ಇನ್ನೊಂದು ಕಾಂಗ್ರೆಸ್ಸಿಗೆ ಅದೇ ಅಧಿಕಾರ ಕೊಡಲು ಮನಸ್ಸು ಬರಲಿಲ್ಲ. ಅದು ಸಹಜವೇ.

ಪರಿಣಾಮ ಏನಾಯಿತು ಎನ್ನುವುದಕ್ಕೆ 1783ರ ಜೂನ್ ತಿಂಗಳ ಒಂದು ಘಟನೆ ಸಾಕು. ಯುದ್ಧ ಮಾಡಿದ ಸೈನಿಕರಿಗೆ ಸಂಬಳ ಬಾಕಿ ಇತ್ತು. ನೂರಾರು ಸೈನಿಕರು ಬಂದೂಕು ಹಿಡಿದು ಫಿಲಡೆಲ್ಫಿಯಾದ ಸ್ಟೇಟ್ ಹೌಸ್ ಸುತ್ತುವರಿದರು. ಒಳಗೆ ಕಾಂಗ್ರೆಸ್ ಕೂತಿದೆ. ನಿಮ್ಮ ಪಡೆ ಕಳಿಸಿ ನಮ್ಮನ್ನು ಕಾಪಾಡಿ ಎಂದು ಪೆನ್ಸಿಲ್ವೇನಿಯಾ ಸರ್ಕಾರವನ್ನು ಕೇಳಿದರು. ಅದು ಆಗುವುದಿಲ್ಲ ಎಂದಿತು. ದೇಶದ ಕಾಂಗ್ರೆಸ್ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಯಿತು. ಅಲ್ಲಿಂದ ಅನ್ನಾಪೊಲಿಸ್, ಆಮೇಲೆ ಟ್ರೆಂಟನ್, ಕೊನೆಗೆ ನ್ಯೂ ಯಾರ್ಕ್. ನಾಲ್ಕು ವರ್ಷದ ನಂತರ ಬರೆದ ಸಂವಿಧಾನದ 1ನೇ ವಿಧಿಯ 8ನೇ ಸೆಕ್ಷನ್ ತೆಗೆದು ನೋಡಿ. ಯಾವ ರಾಜ್ಯದ ಹಂಗಿನಲ್ಲೂ ಇಲ್ಲದ, ಹತ್ತು ಮೈಲಿ ಚೌಕಕ್ಕೆ ಮೀರದ ರಾಜಧಾನಿ ಪ್ರದೇಶವೊಂದು ಕಾಂಗ್ರೆಸ್ಸಿನ ಕೈಯಲ್ಲೇ ಇರಬೇಕು ಎಂದಿದೆ. ಇವತ್ತಿನ ವಾಷಿಂಗ್ಟನ್ ಡಿ.ಸಿ. ಹುಟ್ಟಿದ್ದು ಆ ಕಲಮಿನಿಂದ.

ತೆರಿಗೆಯದೂ ಅಷ್ಟೇ. ಆಮದು ಸರಕಿಗೆ ಶೇಕಡ 5ರಷ್ಟು ಸುಂಕ ಹಾಕಲು ಬಿಡಿ ಎಂದು ಕಾಂಗ್ರೆಸ್ 1781ರಲ್ಲಿ ಕೇಳಿಕೊಂಡಿತು. ಹಳೆಯ ಸಂವಿಧಾನ ತಿದ್ದಲು ಎಲ್ಲ 13 ರಾಜ್ಯಗಳ ಒಪ್ಪಿಗೆ ಬೇಕಿತ್ತು. 1782ರಲ್ಲಿ ರೋಡ್ ಐಲೆಂಡ್ ಎಂಬ ಅತಿ ಚಿಕ್ಕ ರಾಜ್ಯ ಬೇಡ ಎಂದಿತು, ಪ್ರಸ್ತಾಪ ಸತ್ತುಹೋಯಿತು. ಹೊಸ ಸಂವಿಧಾನ ತಿದ್ದಲು ಮುಕ್ಕಾಲು ಪಾಲು ರಾಜ್ಯಗಳು ಸಾಕು ಎಂಬ ನಿಯಮ ಯಾಕೆ ಬಂತು ಎಂದು ಈಗ ನೀವೇ ಹೇಳಬಹುದು.

ರಾಜ್ಯಗಳು ಒಂದರ ಸರಕಿಗೆ ಇನ್ನೊಂದು ಸುಂಕ ಹಾಕುತ್ತಿದ್ದವು. ನ್ಯೂ ಯಾರ್ಕ್ ಮತ್ತು ಫಿಲಡೆಲ್ಫಿಯಾ ಬಂದರುಗಳ ನಡುವೆ ಸಿಕ್ಕಿಕೊಂಡ ನ್ಯೂ ಜೆರ್ಸಿಯನ್ನು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಎರಡೂ ತುದಿಗೆ ನಲ್ಲಿ ಹಾಕಿದ ಪೀಪಾಯಿಗೆ ಹೋಲಿಸಿದ್ದಾನೆ. ಅಂತರರಾಜ್ಯ ವ್ಯಾಪಾರದ ನಿಯಂತ್ರಣ ಕಾಂಗ್ರೆಸ್ಸಿಗೆ ಹೋದದ್ದು ಆ ಕಾರಣಕ್ಕೆ.

ಹಳೇನಾಣ್ಯ

ಮೇಷ್ಟ್ರ ಮಾತಿಗೆ ನಮ್ಮ ಕಡೆಯ ಒಂದು ವಿಷಯ ಸೇರಿಸುತ್ತೇನೆ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಪರ ಹಡಗುಗಳು ಫಿಲಡೆಲ್ಫಿಯಾದ ವ್ಯಾಪಾರಿ ಹಡಗುಗಳನ್ನು ದೋಚುತ್ತಿದ್ದವು. ಕಾಂಗ್ರೆಸ್ಸಿನ ನೌಕಾಪಡೆ ಆಗಲೇ ಸೊರಗಿಹೋಗಿತ್ತು. ಕಾದು ಸಾಕಾಗಿ ಪೆನ್ಸಿಲ್ವೇನಿಯಾ ರಾಜ್ಯದವರೇ ಒಂದು ಹಡಗು ಸಜ್ಜು ಮಾಡಿದರು. ಅದರ ಹೆಸರು 'ಹೈಡರ್ ಅಲಿ'. ನಮ್ಮ ಮೈಸೂರಿನ ಹೈದರಾಲಿಯ ಹೆಸರೇ. ಆಗ ಇಲ್ಲಿ ಎರಡನೇ ಮೈಸೂರು ಯುದ್ಧ ನಡೆಯುತ್ತಿತ್ತು. ಇಂಗ್ಲಿಷರನ್ನು ಎದುರಿಸುತ್ತಿದ್ದವನ ಹೆಸರು ಅಲ್ಲಿಯವರೆಗೂ ಮುಟ್ಟಿತ್ತು. 1782ರ ಏಪ್ರಿಲ್‌ನಲ್ಲಿ ಕ್ಯಾಪ್ಟನ್ ಜೋಶುವಾ ಬಾರ್ನಿ ಈ ಹಡಗಿನಿಂದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ.

ಇದನ್ನು ಇಲ್ಲಿ ಹೇಳಲು ಕಾರಣ ಇದೆ. ಕೇಂದ್ರದ ಕೈಯಲ್ಲಿ ದುಡ್ಡಿಲ್ಲದೆ ರಾಜ್ಯಗಳೇ ಯುದ್ಧನೌಕೆ ಇಟ್ಟುಕೊಳ್ಳುವ ಪರಿಸ್ಥಿತಿ ಅದು. ಹೊಸ ಸಂವಿಧಾನದ 1ನೇ ವಿಧಿಯ 10ನೇ ಸೆಕ್ಷನ್‌ನಲ್ಲಿ, ಕಾಂಗ್ರೆಸ್ ಒಪ್ಪದೆ ಯಾವ ರಾಜ್ಯವೂ ಶಾಂತಿಕಾಲದಲ್ಲಿ ಯುದ್ಧನೌಕೆ ಇಟ್ಟುಕೊಳ್ಳಬಾರದು ಎಂದು ಬರೆದರು.

ಬಾಸ್ಟನ್ ಕನ್ನಡತಿ

ನಾನು ಇರುವುದು ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿ ಕೂತು ಶೇಸ್ ದಂಗೆಯ ವಿಷಯ ಬರೆಯದೆ ಇರಲಾರೆ. ಎಲ್ಲರೂ ಅದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ, ನನಗೆ ಬೇಜಾರಾಗುತ್ತದೆ.

ಯುದ್ಧದ ಸಮಯದಲ್ಲಿ ಸರ್ಕಾರ ಸೈನಿಕರಿಗೆ ದುಡ್ಡಿನ ಬದಲು ಸಾಲಪತ್ರ ಕೊಟ್ಟಿತ್ತು. ಮನೆಗೆ ಬಂದ ರೈತ ಸೈನಿಕರಿಗೆ ಊಟಕ್ಕೇ ಕಷ್ಟ. ಆ ಪತ್ರಗಳನ್ನು ಕೈಗೆ ಬಂದ ಬೆಲೆಗೆ ಮಾರಿಕೊಂಡರು. ಕೊಂಡವರು ಹೆಚ್ಚಾಗಿ ಬಾಸ್ಟನ್ ಕಡೆಯ ದುಡ್ಡಿನವರು. ಆಮೇಲೆ ರಾಜ್ಯ ಸರ್ಕಾರ ಅದೇ ಪತ್ರಗಳಿಗೆ ಪೂರ್ತಿ ಬೆಲೆ ಕೊಡಲು ತೀರ್ಮಾನಿಸಿತು. ಅದಕ್ಕೆ ದುಡ್ಡು ಎಲ್ಲಿಂದ? ರೈತರ ಮೇಲೆ ತೆರಿಗೆ. ಅದನ್ನೂ ಬೆಳ್ಳಿ, ಚಿನ್ನದ ನಾಣ್ಯದಲ್ಲೇ ಕಟ್ಟಬೇಕು. ಹಳ್ಳಿಗಳಲ್ಲಿ ನಾಣ್ಯವೇ ಓಡಾಡುತ್ತಿರಲಿಲ್ಲ. ಕಟ್ಟದವರ ದನ, ಜಮೀನು ಜಪ್ತಿ. ಸಾಲ ತೀರಿಸದವರಿಗೆ ಜೈಲು.

1786ರ ಆಗಸ್ಟ್ ಕೊನೆಯಲ್ಲಿ ನಾರ್ಥಾಂಪ್ಟನ್‌ನಲ್ಲಿ ರೈತರು ಕೋರ್ಟು ನಡೆಯದಂತೆ ಅಡ್ಡ ನಿಂತರು. ಕೋರ್ಟು ಕೂರದಿದ್ದರೆ ಜಪ್ತಿಯೂ ಇಲ್ಲ ತಾನೆ? ಊರೂರಿಗೆ ಇದು ಹಬ್ಬಿತು. ಡೇನಿಯಲ್ ಶೇಸ್ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. 1787ರ ಜನವರಿ 25ರಂದು ಅವನ ಕಡೆಯವರು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮೇಲೆ ಹೋದರು. ಫಿರಂಗಿ ಹಾರಿತು, ನಾಲ್ವರು ಸತ್ತರು. ದಂಗೆ ಅಡಗಿಸಲು ಕಾಂಗ್ರೆಸ್ಸಿನ ಹತ್ತಿರ ಸೈನ್ಯವೂ ಇಲ್ಲ, ದುಡ್ಡೂ ಇಲ್ಲ. ಬಾಸ್ಟನ್ ವ್ಯಾಪಾರಿಗಳು ಸ್ವಂತ ದುಡ್ಡು ಹಾಕಿ ಜನರಲ್ ಬೆಂಜಮಿನ್ ಲಿಂಕನ್ ಕೈಯಲ್ಲಿ ಪಡೆ ಕಳಿಸಿದರು.

ವರ್ಜೀನಿಯಾದ ತೋಟದ ಮನೆಯಲ್ಲಿ ನಿವೃತ್ತನಾಗಿ ಕೂತಿದ್ದ ಜಾರ್ಜ್ ವಾಷಿಂಗ್ಟನ್ ಈ ಸುದ್ದಿ ಕೇಳಿ ಕಳವಳಗೊಂಡ. ನಾಲ್ಕೇ ತಿಂಗಳಿಗೆ ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನ ಬರೆದ ಸಭೆ ಕೂತಿತು, ಅವನೇ ಅಧ್ಯಕ್ಷ.

ನೀಲಿಶಾಯಿ

ಹಾಗಾದರೆ ಈ ಸಂವಿಧಾನ ಸಾಲಗಾರ ರೈತರನ್ನು ಬಗ್ಗಿಸಲು ಸಾಲ ಕೊಟ್ಟವರು ಸೇರಿ ಬರೆದ ದಾಖಲೆ ಅಲ್ವಾ? ಹಳೇನಾಣ್ಯ ಅವರು ಹೇಳಿದ ಅದೇ 10ನೇ ಸೆಕ್ಷನ್ ಓದಿ. ರಾಜ್ಯಗಳು ಕಾಗದದ ದುಡ್ಡು ಹೊರಡಿಸುವಂತಿಲ್ಲ, ಒಪ್ಪಂದಗಳನ್ನು ಸಡಿಲಿಸುವ ಕಾನೂನು ಮಾಡುವಂತಿಲ್ಲ. ಸಾಲಗಾರನಿಗೆ ರಾಜ್ಯ ಸರ್ಕಾರ ಕೊಡಬಹುದಾಗಿದ್ದ ಎರಡು ಪರಿಹಾರ ಅವು. ಎರಡನ್ನೂ ಮುಚ್ಚಿದರು.

ಇನ್ನೂ ಒಂದಿದೆ. 1787ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಇವರಿಗೆ ಕೊಟ್ಟ ಕೆಲಸ ಹಳೆಯ ಸಂವಿಧಾನದ ಪರಿಷ್ಕರಣೆ ಮಾತ್ರ. ಇವರು ಬಾಗಿಲು ಹಾಕಿಕೊಂಡು ಹೊಸದನ್ನೇ ಬರೆದರು. ಹಳೆಯದರ ಪ್ರಕಾರ 13 ರಾಜ್ಯ ಒಪ್ಪಬೇಕು. ಇವರು 9 ಸಾಕು ಎಂದು ತಾವೇ ಬರೆದುಕೊಂಡರು. ಕಾನೂನಿನ ಆಳ್ವಿಕೆ ಎಂದು ಹೊಗಳುವ ದಾಖಲೆ ಹುಟ್ಟಿದ್ದೇ ಕಾನೂನು ಮುರಿದು.

ಧಾರವಾಡದ ಮೇಷ್ಟ್ರು

ನೀಲಿಶಾಯಿ ಅವರೇ, ನೀವು ಹೇಳಿದ ಎರಡೂ ನಿಜ. ಅಲ್ಲಿ ಬಂದ 55 ಜನರಲ್ಲಿ ಸಣ್ಣ ರೈತರು ಇಲ್ಲವೆಂದೇ ಹೇಳಬಹುದು. ವಕೀಲರು, ವ್ಯಾಪಾರಿಗಳು, ತೋಟದ ಮಾಲೀಕರು. ಆದರೆ ಕಾನೂನು ಮುರಿದ ಜಾಗದಲ್ಲಿ ಏನು ಇಟ್ಟರು ಎನ್ನುವುದನ್ನೂ ನೋಡಬೇಕು. ರಾಜ್ಯಗಳ ಶಾಸನಸಭೆಗಳನ್ನು ದಾಟಿ, ಇದಕ್ಕೆಂದೇ ಜನ ಆರಿಸಿದ ಸಭೆಗಳ ಮುಂದೆ ಆ ಕರಡನ್ನು ಇಟ್ಟರು. ನ್ಯೂ ಯಾರ್ಕ್ ಆ ಒಂದು ಚುನಾವಣೆಗೆ ಆಸ್ತಿಯ ಅರ್ಹತೆ ತೆಗೆದು ವಯಸ್ಕ ಸ್ವತಂತ್ರ ಗಂಡಸರಿಗೆಲ್ಲ ಓಟು ಕೊಟ್ಟಿತು. ಇವತ್ತಿನ ಕಣ್ಣಿಗೆ ಅದು ಕಡಿಮೆ. ಹೆಂಗಸರಿಲ್ಲ, ಗುಲಾಮರಿಲ್ಲ. ಆ ಕಾಲಕ್ಕೆ ಬೇರೆ ಯಾವ ದೇಶವೂ ತನ್ನ ಸರ್ಕಾರದ ಸ್ವರೂಪವನ್ನು ಹೀಗೆ ಊರೂರಿನಲ್ಲಿ ಚರ್ಚೆಗೆ ಇಟ್ಟಿರಲಿಲ್ಲ.

ತುಂಗಾತೀರ ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ಫಿಲಡೆಲ್ಫಿಯಾದಲ್ಲಿ ಆದ ಅತಿ ದೊಡ್ಡ ಬದಲಾವಣೆ ಗೈಡುಗಳ ಪಟ್ಟಿಯಲ್ಲೇ ಇರುವುದಿಲ್ಲ. ಹಳೆಯ ಕಾಂಗ್ರೆಸ್ ಮಾತಾಡುತ್ತಿದ್ದುದು ರಾಜ್ಯಗಳ ಜೊತೆ. ಹೊಸ ಸರ್ಕಾರ ನೇರವಾಗಿ ಪ್ರಜೆಗಳ ಜೊತೆ ವ್ಯವಹರಿಸುತ್ತದೆ. ತೆರಿಗೆ ನೇರ, ಕಾನೂನು ನೇರ, ಕೋರ್ಟು ನೇರ, ಕೆಳಮನೆಯ ಚುನಾವಣೆಯೂ ನೇರ. ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಸರ್ಕಾರಗಳ ಪ್ರಜೆ. ಎರಡಕ್ಕೂ ಅಧಿಕಾರ ಬರುವುದು ಜನರಿಂದಲೇ. ಅಧಿಕಾರ ಪೂರ್ತಿ ರಾಜ್ಯಗಳ ಕೈಯಲ್ಲಿರಬೇಕು, ಇಲ್ಲವೇ ಪೂರ್ತಿ ಕೇಂದ್ರದ ಕೈಯಲ್ಲಿರಬೇಕು ಎಂದುಕೊಂಡಿದ್ದ ಕಾಲದಲ್ಲಿ ಇದು ಹೊಸ ಯೋಚನೆ. ಒಕ್ಕೂಟ ವ್ಯವಸ್ಥೆ ಅಂತ ನೀವು ಬಾಯಿಪಾಠ ಮಾಡಿದ್ದರ ತಿರುಳು ಇದು.

ಇದರ ಹಿಂದೆ ಮ್ಯಾಡಿಸನ್‌ನ ದುಡಿಮೆ ಇದೆ. ಆಗ ಅವನಿಗೆ 36 ವರ್ಷ. ಎಲ್ಲರಿಗಿಂತ ಮೊದಲೇ ಬಂದು ಕೂತ. ಸಭೆ ಶುರುವಾಗಬೇಕಿದ್ದುದು ಮೇ 14ಕ್ಕೆ, ಸಾಕಷ್ಟು ರಾಜ್ಯಗಳು ಸೇರಿದ್ದು ಮೇ 25ಕ್ಕೆ. ಅಷ್ಟರಲ್ಲಿ ವರ್ಜೀನಿಯಾದವರು ಒಂದು ಯೋಜನೆಯನ್ನೇ ಸಿದ್ಧ ಮಾಡಿಕೊಂಡಿದ್ದರು. ಮ್ಯಾಡಿಸನ್ ಮುಂದಿನ ಸಾಲಿನಲ್ಲಿ ಕೂತು ಪ್ರತಿದಿನದ ಚರ್ಚೆ ಬರೆದುಕೊಂಡ. ಗುಟ್ಟು ಬಿಡಬಾರದು ಎಂಬ ನಿಯಮಕ್ಕೆ ಕಟ್ಟುಬಿದ್ದು ಬದುಕಿರುವವರೆಗೂ ಅಚ್ಚು ಹಾಕಿಸಲಿಲ್ಲ. ಅವು ಹೊರಬಂದದ್ದು 1840ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷದ ಮೇಲೆ. ಒಳಗಿನ ಮಾತುಕತೆ ನಮಗೆ ಇಷ್ಟು ಚೆನ್ನಾಗಿ ಸಿಕ್ಕಿರುವುದು ಅವನ ದಯೆಯಿಂದ.

ಅದರಲ್ಲಿ ಜೂನ್ 1ರ ದಿನ ನನಗೆ ಬಹಳ ಇಷ್ಟ. ಕಾರ್ಯಾಂಗ ಒಬ್ಬನೇ ವ್ಯಕ್ತಿಯ ಕೈಯಲ್ಲಿ ಇರಲಿ ಎಂದು ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಸೂಚಿಸಿದ. ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ತುಂಬಾ ಹೊತ್ತು ಮೌನ. ಮುಂದೆ ಆ ಕುರ್ಚಿಯಲ್ಲಿ ಕೂರುವವನು ಯಾರು ಎಂದು ಎಲ್ಲರಿಗೂ ಗೊತ್ತು. ಅವನು ಎದುರಿಗೇ ಅಧ್ಯಕ್ಷಪೀಠದಲ್ಲಿ ಇದ್ದಾನೆ! ಕೊನೆಗೆ 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್, ಇದು ಮಹತ್ವದ ವಿಷಯ, ಅಭಿಪ್ರಾಯ ಹೇಳಿ ಎಂದು ಒತ್ತಾಯಿಸಿದ. ಆಮೇಲೆ ಎಡ್ಮಂಡ್ ರಾಂಡಾಲ್ಫ್ ಎದ್ದು, ಇದು ರಾಜಪ್ರಭುತ್ವದ ಭ್ರೂಣ ಎಂದು ವಿರೋಧಿಸಿದ. ಕೊನೆಗೆ ಒಬ್ಬನೇ ಅಧ್ಯಕ್ಷ ಎಂದು ಒಪ್ಪಿದರು. ಆದರೆ ಅವನ ಸುತ್ತ ಬೇಲಿ ಹಾಕಿದರು. ಮಸೂದೆ ತಡೆಯುವ ವೀಟೋ ಉಂಟು, ಎರಡೂ ಸದನಗಳ ಮೂರನೇ ಎರಡು ಭಾಗ ಸೇರಿದರೆ ಅದು ಬಿದ್ದುಹೋಗುತ್ತದೆ. ಸೇನೆಯ ದಂಡನಾಯಕ ಅವನೇ, ಯುದ್ಧ ಘೋಷಿಸುವುದು ಕಾಂಗ್ರೆಸ್. ನೇಮಕ ಅವನದು, ಒಪ್ಪಿಗೆ ಮೇಲ್ಮನೆಯಾದ ಸೆನೆಟ್ಟಿನದು.

ರಾಜನ ಭಯ ಒಂದು ಕಡೆ, ಏನೂ ಮಾಡಲಾಗದ ಕಾಂಗ್ರೆಸ್ಸಿನ ಅನುಭವ ಇನ್ನೊಂದು ಕಡೆ. ನಿಯಂತ್ರಣ ಮತ್ತು ಸಮತೋಲನ ಎನ್ನುವುದು ಈ ಎರಡರ ನಡುವೆ ನಡೆದ ಚೌಕಾಶಿಯಲ್ಲಿ ಹುಟ್ಟಿದ್ದು.

ಮಲೆನಾಡಿಗ

ಮೇಷ್ಟ್ರೇ, ಅಧಿಕಾರ ಪ್ರತ್ಯೇಕತೆ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂನಿಂದ ಬಂತು ಅಂತ ಓದಿದ್ದೇವೆ. ಇನ್ನು ಕೆಲವರು ಇರಕ್ವಾ ಮೂಲನಿವಾಸಿಗಳ ಒಕ್ಕೂಟ ನೋಡಿ ಕಲಿತರು ಅನ್ನುತ್ತಾರೆ. ಯಾವುದು ಸರಿ?

ಬಾಸ್ಟನ್ ಕನ್ನಡತಿ

ಮೇಷ್ಟ್ರು ಬರೆಯುವಷ್ಟರಲ್ಲಿ ನಾನು ಒಂದಿಷ್ಟು ಹೇಳುತ್ತೇನೆ. ಮಾಂಟೆಸ್ಕ್ಯೂ, ಇಂಗ್ಲಿಷ್ ಚಿಂತಕ ಲಾಕ್ ಇಬ್ಬರನ್ನೂ ಅವರು ಓದಿದ್ದರು. ಆದರೆ ಕೈಯಳತೆಯಲ್ಲೇ ಮಾದರಿಗಳು ಇದ್ದವು. 1776ರಿಂದ ಹೆಚ್ಚಿನ ರಾಜ್ಯಗಳು ತಮ್ಮದೇ ಸಂವಿಧಾನ ಬರೆದುಕೊಂಡಿದ್ದವು. ಪೆನ್ಸಿಲ್ವೇನಿಯಾ ಒಂದೇ ಸದನ ಇಟ್ಟುಕೊಂಡು ಗವರ್ನರ್ ಹುದ್ದೆಯನ್ನೇ ತೆಗೆದುಹಾಕಿತು. ನಮ್ಮ ಮ್ಯಾಸಚೂಸೆಟ್ಸ್ ಸಂವಿಧಾನ ಬಂದದ್ದು 1780ರಲ್ಲಿ, ಬರೆದವರಲ್ಲಿ ಜಾನ್ ಆಡಮ್ಸ್ ಮುಖ್ಯ. ಎರಡು ಸದನ, ಜನ ಆರಿಸಿದ ಗವರ್ನರ್, ಅವನ ವೀಟೋ ಬೀಳಿಸಲು ಮೂರನೇ ಎರಡು ಭಾಗ, ಬೇರೆಯಾಗಿ ನಿಂತ ನ್ಯಾಯಾಂಗ. ಊರಿನ ಸಭೆಗಳಲ್ಲಿ ಜನ ಓದಿ ಒಪ್ಪಿಗೆ ಕೊಟ್ಟರು. ಫಿಲಡೆಲ್ಫಿಯಾದ ನಕ್ಷೆ ಏಳು ವರ್ಷ ಮೊದಲೇ ಇಲ್ಲಿ ಜಾರಿಯಲ್ಲಿತ್ತು! ತಿದ್ದುಪಡಿಗಳೊಂದಿಗೆ ಅದು ಇವತ್ತಿಗೂ ಜಾರಿಯಲ್ಲಿದೆ. ಆಡಮ್ಸ್ ಮಾತ್ರ 1787ರಲ್ಲಿ ಲಂಡನ್ನಿನಲ್ಲಿ ರಾಯಭಾರಿ, ಜೆಫರ್ಸನ್ ಪ್ಯಾರಿಸ್ಸಿನಲ್ಲಿ. ಇಬ್ಬರೂ ಸಭೆಯಲ್ಲಿರಲಿಲ್ಲ.

ಇರಕ್ವಾ ಬಗ್ಗೆ: ಫ್ರಾಂಕ್ಲಿನ್ ಅವರ ಒಕ್ಕೂಟವನ್ನು ಬಲ್ಲವನು. 1754ರಲ್ಲಿ ಆಲ್ಬನಿಯಲ್ಲಿ ವಸಾಹತುಗಳ ಒಕ್ಕೂಟದ ಯೋಜನೆ ಇಟ್ಟವನೂ ಅವನೇ. 1988ರಲ್ಲಿ ಅಮೆರಿಕದ ಕಾಂಗ್ರೆಸ್ ಇರಕ್ವಾ ಕೊಡುಗೆ ಸ್ಮರಿಸಿ ನಿರ್ಣಯ ಕೂಡ ಮಾಡಿತು. ಆದರೆ ಫಿಲಡೆಲ್ಫಿಯಾ ಚರ್ಚೆಯಲ್ಲಿ ಅದನ್ನು ಮಾದರಿ ಎಂದು ಎತ್ತಿ ತೋರಿಸಿದ ದಾಖಲೆ ಇಲ್ಲ. ಒಗ್ಗಟ್ಟಿನ ಯೋಚನೆಗೆ ಆ ನೆರೆಹೊರೆ ಪ್ರೇರಣೆ ಆಗಿರಬಹುದು, ಕಲಮುಗಳು ಅಲ್ಲಿಂದ ಬಂದವು ಎನ್ನಲು ಆಧಾರ ಸಾಲದು ಎಂಬುದು ನನ್ನ ಅಭಿಪ್ರಾಯ.

ನೀಲಿಶಾಯಿ

ಚೌಕಾಶಿ ಎಂದಿರಲ್ಲ ಮೇಷ್ಟ್ರೇ, ಅದರ ಬೆಲೆ ಯಾರು ಕೊಟ್ಟರು ಎಂದೂ ಬರೆಯಬೇಕು.

ಜುಲೈ 16ರಂದು ಸೆನೆಟ್ಟಿನಲ್ಲಿ ಎಲ್ಲ ರಾಜ್ಯಕ್ಕೂ ಸಮಾನ ಓಟು, ಕೆಳಮನೆಯಲ್ಲಿ ಜನಸಂಖ್ಯೆಯಂತೆ ಸ್ಥಾನ ಎಂಬ ಒಪ್ಪಂದ 5–4ರಲ್ಲಿ ಗೆದ್ದಿತು. ಮ್ಯಾಸಚೂಸೆಟ್ಸ್ ಪ್ರತಿನಿಧಿಗಳು ಅರ್ಧಕ್ಕರ್ಧ ಒಡೆದರು, ಓಟು ಲೆಕ್ಕಕ್ಕೆ ಬರಲಿಲ್ಲ. ಒಂದೇ ಒಂದು ರಾಜ್ಯದ ಅಂತರ. ಜನಸಂಖ್ಯೆಯಂತೆ ಸ್ಥಾನ ಎಂದ ಕೂಡಲೇ ಗುಲಾಮರನ್ನು ಎಣಿಸಬೇಕೋ ಬೇಡವೋ ಎಂಬ ಪ್ರಶ್ನೆ. ಅವರಿಗೆ ಓಟಿಲ್ಲ, ಮಾಲೀಕರ ರಾಜ್ಯಕ್ಕೆ ಮಾತ್ರ ಅವರ ತಲೆಲೆಕ್ಕ ಬೇಕು. ಐದು ಗುಲಾಮರಿಗೆ ಮೂರು ತಲೆ ಎಂದು ಲೆಕ್ಕ ಹಿಡಿದರು. 1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರಲ್ಲಿ 7 ಲಕ್ಷದ ಹತ್ತಿರ ಗುಲಾಮರು. ಆ ಲೆಕ್ಕದಿಂದ ದಕ್ಷಿಣಕ್ಕೆ ಹೆಚ್ಚು ಸ್ಥಾನ ಸಿಕ್ಕಿತು, ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳೂ ಹೆಚ್ಚು ಸಿಕ್ಕಿದರು. ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದ ಗುಲಾಮ ಮಾಲೀಕರೇ ಅಧ್ಯಕ್ಷರು.

ಇಷ್ಟಕ್ಕೇ ಮುಗಿಯಲಿಲ್ಲ. ಗುಲಾಮರ ಆಮದನ್ನು 1808ರವರೆಗೆ ಕಾಂಗ್ರೆಸ್ ನಿಲ್ಲಿಸುವಂತಿಲ್ಲ. ಓಡಿಹೋದವರನ್ನು ಹಿಡಿದು ಮಾಲೀಕನಿಗೆ ಒಪ್ಪಿಸಬೇಕು. ದಕ್ಷಿಣ ಕೆರೊಲಿನಾ, ಜಾರ್ಜಿಯಾ ಬಿಟ್ಟುಹೋಗುತ್ತವೆ ಎಂಬ ಭಯಕ್ಕೆ ಉಳಿದವರು ತಲೆಬಾಗಿದರು. ಗುಲಾಮಗಿರಿ ಹೋಗಿದ್ದು 1865ರ 13ನೇ ತಿದ್ದುಪಡಿಯಲ್ಲಿ, ಅದೂ ನಾಲ್ಕು ವರ್ಷದ ಅಂತರ್ಯುದ್ಧದ ನಂತರ. ಈ ಸಂವಿಧಾನವನ್ನು ಗೌರವಿಸಬೇಕಾದರೆ 1787ರ ಜೊತೆಗೆ 13, 14, 15ನೇ ತಿದ್ದುಪಡಿಗಳನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಓದಬೇಕು. ಎರಡನೇ ಬಾರಿ ಕಟ್ಟಿದ್ದು ಅದು.

ಧಾರವಾಡದ ಮೇಷ್ಟ್ರು

ಇದನ್ನು ಪೂರ್ತಿ ಒಪ್ಪುತ್ತೇನೆ. ಆ ಸಭೆಯಲ್ಲೇ ಗುಲಾಮರ ವ್ಯಾಪಾರದ ವಿರುದ್ಧ ಗಟ್ಟಿಯಾಗಿ ಮಾತಾಡಿದ ವರ್ಜೀನಿಯಾದ ಜಾರ್ಜ್ ಮೇಸನ್ ತಾನೇ ನೂರಾರು ಗುಲಾಮರ ಮಾಲೀಕ. ತಪ್ಪು ಎಂದು ಅವರಿಗೆ ಗೊತ್ತಿರಲಿಲ್ಲ ಎಂದು ವಾದಿಸುವವರಿಗೆ ಆ ಟಿಪ್ಪಣಿಗಳೇ ಉತ್ತರ.

ಬಾಸ್ಟನ್ ಕನ್ನಡತಿ

ಮೇಸನ್ ಹೆಸರು ಬಂದದ್ದರಿಂದ ಹಕ್ಕುಗಳ ವಿಷಯಕ್ಕೆ ಬರೋಣ. ಸೆಪ್ಟೆಂಬರ್ 12ರಂದು, ಇನ್ನೇನು ಮುಗಿಯಿತು ಎನ್ನುವಾಗ, ಮೂಲಭೂತ ಹಕ್ಕುಗಳ ಪಟ್ಟಿ ಸೇರಿಸೋಣ ಎಂದು ಮೇಸನ್ ಕೇಳಿದ. ಒಂದು ರಾಜ್ಯವೂ ಪರವಾಗಿ ಓಟು ಹಾಕಲಿಲ್ಲ. ಎಲ್ಲರಿಗೂ ದಣಿವಾಗಿತ್ತು, ಮನೆಗೆ ಹೋಗಬೇಕಿತ್ತು. ಸೆಪ್ಟೆಂಬರ್ 17ಕ್ಕೆ 39 ಜನ ಸಹಿ ಹಾಕಿದರು. ಮೇಸನ್, ರಾಂಡಾಲ್ಫ್, ಎಲ್‌ಬ್ರಿಜ್ ಗೆರಿ ಕೊನೆಯವರೆಗೂ ಇದ್ದು ಸಹಿ ಹಾಕಲಿಲ್ಲ.

ಆಮೇಲೆ ರಾಜ್ಯಗಳಲ್ಲಿ ನಿಜವಾದ ಜಗಳ. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ಒಂದೇ ಗುಪ್ತನಾಮದಲ್ಲಿ 85 ಲೇಖನ ಬರೆದು ಸಮರ್ಥಿಸಿದರು. ವಿರೋಧಿಗಳೂ ಸುಮ್ಮನಿರಲಿಲ್ಲ, ಪತ್ರಿಕೆಗಳಲ್ಲಿ ಅವರೂ ಬರೆದರು. ಮ್ಯಾಸಚೂಸೆಟ್ಸ್‌ನಲ್ಲಿ 187–168. ಶೇಸ್ ಪರವಾಗಿದ್ದ ಪಶ್ಚಿಮದ ಊರುಗಳು ಹೆಚ್ಚಾಗಿ ವಿರುದ್ಧ ಹಾಕಿದವು. ಈಗ ಒಪ್ಪುತ್ತೇವೆ, ಆದರೆ ಈ ತಿದ್ದುಪಡಿಗಳು ಬೇಕು ಎಂದು ಪಟ್ಟಿ ಸೇರಿಸಿದ ಮೇಲಷ್ಟೇ ಅದು ಗೆದ್ದದ್ದು. ವರ್ಜೀನಿಯಾ 89–79. ನ್ಯೂ ಯಾರ್ಕ್ 30–27. ರೋಡ್ ಐಲೆಂಡ್ ಒಪ್ಪಿದ್ದು 1790ರ ಮೇ ತಿಂಗಳಲ್ಲಿ, 34–32. ಅಷ್ಟರಲ್ಲಿ ವಾಷಿಂಗ್ಟನ್ ಅಧ್ಯಕ್ಷನಾಗಿ ವರ್ಷ ದಾಟಿತ್ತು.

ಹಕ್ಕುಗಳ ಪಟ್ಟಿ ಬೇಕಿಲ್ಲ ಎನ್ನುತ್ತಿದ್ದ ಮ್ಯಾಡಿಸನ್ ಚುನಾವಣೆಗೆ ನಿಂತಾಗ ತರುತ್ತೇನೆ ಎಂದು ಮಾತು ಕೊಟ್ಟ. 1789ರ ಜೂನ್ 8ರಂದು ಮಂಡಿಸಿದ. ಕಾಂಗ್ರೆಸ್ 12 ಕಳಿಸಿತು, 1791ರ ಡಿಸೆಂಬರ್ 15ಕ್ಕೆ 10 ಪಾಸಾದವು. ವಾಕ್ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ, ಜ್ಯೂರಿ ವಿಚಾರಣೆ ಎಲ್ಲ ಅದರಲ್ಲೇ. ಇವನ್ನು ಗೆದ್ದುಕೊಟ್ಟದ್ದು ಸಂವಿಧಾನದ ವಿರೋಧಿಗಳು ಎಂಬುದನ್ನು ಮರೆಯಬಾರದು. ಸೋತವರ ಕೊಡುಗೆ ಅದು.

ಮಂಗಳೂರು ವಕೀಲ

ನ್ಯಾಯಾಂಗ ವಿಮರ್ಶೆ ಯಾರೂ ಮುಟ್ಟಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಕಾಂಗ್ರೆಸ್ಸಿನ ಕಾನೂನನ್ನು ಕೋರ್ಟು ರದ್ದು ಮಾಡಬಹುದು ಎಂದು ಅಮೆರಿಕ ಸಂವಿಧಾನದಲ್ಲಿ ಎಲ್ಲೂ ನೇರವಾಗಿ ಬರೆದಿಲ್ಲ. ಅದು ಬಂದದ್ದು 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ತೀರ್ಪಿನಿಂದ. ಅಧಿಕಾರ ಬಿಡುವ ಮುನ್ನ ಆಡಮ್ಸ್ ಸರ್ಕಾರ ಮಾರ್ಬರಿಯನ್ನು ಒಂದು ಸಣ್ಣ ನ್ಯಾಯಾಧಿಕಾರಿ ಹುದ್ದೆಗೆ ನೇಮಿಸಿತ್ತು. ಆದೇಶಪತ್ರ ತಲುಪಲಿಲ್ಲ. ಹೊಸ ಸರ್ಕಾರ ಕೊಡುವುದಿಲ್ಲ ಎಂದಿತು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹೀಗೆ ತೀರ್ಪು ಕೊಟ್ಟರು: ಮಾರ್ಬರಿಗೆ ಹಕ್ಕಿದೆ, ಆದರೆ ಅವನು ನೇರವಾಗಿ ನಮ್ಮಲ್ಲಿಗೆ ಬರಲು ದಾರಿ ಕೊಟ್ಟ 1789ರ ಕಾನೂನಿನ ಆ ಭಾಗವೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಅದು ನಿಲ್ಲುವುದಿಲ್ಲ. ಸರ್ಕಾರ ಧಿಕ್ಕರಿಸಲು ಅಲ್ಲಿ ಆದೇಶವೇ ಇರಲಿಲ್ಲ, ಅಧಿಕಾರ ಮಾತ್ರ ಕೋರ್ಟಿನ ಕೈಗೆ ಬಂತು.

ನಮ್ಮ ಸಂವಿಧಾನದಲ್ಲಿ ಇದನ್ನು ಊಹೆಗೆ ಬಿಟ್ಟಿಲ್ಲ, 13ನೇ ಅನುಚ್ಛೇದದಲ್ಲಿ ಬರೆದೇ ಇಟ್ಟಿದ್ದಾರೆ. ಇಲ್ಲೊಂದು ನಮ್ಮೂರಿನ ನಂಟು ಇದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ, 1887ರಲ್ಲಿ. ಮೊದಲ ಕರಡು ಸಿದ್ಧ ಮಾಡಿ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ 5 ಮತ್ತು 14ನೇ ತಿದ್ದುಪಡಿಯಲ್ಲಿ ಇರುವ 'ಡ್ಯೂ ಪ್ರೊಸೆಸ್' (ನ್ಯಾಯಯುತ ಕಾನೂನು ಪ್ರಕ್ರಿಯೆ) ಎಂಬ ಮಾತನ್ನು ಇಟ್ಟುಕೊಳ್ಳಬೇಡಿ, ಅದು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂದು ಫ್ರಾಂಕ್‌ಫರ್ಟರ್ ಸಲಹೆ ಕೊಟ್ಟರು. ಅಲ್ಲಿ ಕಾರ್ಮಿಕರ ಕೆಲಸದ ಅವಧಿ ಮಿತಿಗೊಳಿಸಿದ ಕಾನೂನನ್ನು 1905ರಲ್ಲಿ ಅದೇ ಮಾತಿನ ಬಲದಿಂದ ಕೋರ್ಟು ಹೊಡೆದುಹಾಕಿತ್ತು. ನಮ್ಮ 21ನೇ ಅನುಚ್ಛೇದದಲ್ಲಿ 'ಕಾನೂನು ಗೊತ್ತುಪಡಿಸಿದ ವಿಧಾನ' ಎಂದು ಬಂದದ್ದು ಹೀಗೆ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಆ ವಿಧಾನ ನ್ಯಾಯಯುತವೂ ಆಗಿರಬೇಕು ಎಂದಿತು. ಅಂದರೆ ಬಾಗಿಲಿನಿಂದ ಹೊರಗೆ ಹೋದದ್ದು ಬಹುಪಾಲು ಒಳಗೆ ಬಂತು.

ತುಂಗಾತೀರ

ತುಂಬಾ ಧನ್ಯವಾದ. ಇಷ್ಟೆಲ್ಲ ಒಂದೇ ಕಡೆ ಸಿಗುತ್ತದೆ ಅಂದುಕೊಂಡಿರಲಿಲ್ಲ. ವಕೀಲರಿಗೆ ಎರಡು ಪ್ರಶ್ನೆ. ನಮ್ಮಲ್ಲಿ ಕೇಶವಾನಂದ ಭಾರತಿ ಪ್ರಕರಣದ ನಂತರ ಮೂಲ ರಚನೆ ಬದಲಿಸುವಂತಿಲ್ಲ. ಅಮೆರಿಕದಲ್ಲಿ ಹಾಗೆ ಏನಾದರೂ ಇದೆಯಾ? ಮತ್ತೆ ಕಾಂಗ್ರೆಸ್ 12 ಕಳಿಸಿ 10 ಪಾಸಾದವು ಅಂತ ಮೇಡಂ ಬರೆದರು. ಉಳಿದ ಎರಡು ಏನಾದವು?

ಮಂಗಳೂರು ವಕೀಲ

ಮೊದಲ ಪ್ರಶ್ನೆ. ಕೇಶವಾನಂದ ಭಾರತಿಯವರು ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. 1973ರ ಏಪ್ರಿಲ್ 24ರ ತೀರ್ಪು, 13 ನ್ಯಾಯಮೂರ್ತಿಗಳಲ್ಲಿ 7–6. ಅಮೆರಿಕದ ಸುಪ್ರೀಂ ಕೋರ್ಟ್ ಇವತ್ತಿನವರೆಗೂ ಒಂದು ಸಂವಿಧಾನ ತಿದ್ದುಪಡಿಯನ್ನೂ ರದ್ದು ಮಾಡಿಲ್ಲ. ಅಲ್ಲಿ ತಿದ್ದುಪಡಿ ಮಾಡುವುದೇ ಅಷ್ಟು ಕಷ್ಟ. ಎರಡೂ ಸದನದಲ್ಲಿ ಮೂರನೇ ಎರಡು ಭಾಗ, ಆಮೇಲೆ 50ರಲ್ಲಿ 38 ರಾಜ್ಯ. ಇಷ್ಟು ವರ್ಷದಲ್ಲಿ ಆಗಿದ್ದು ಬರೀ 27. ಆದರೆ ಒಂದು ಬೀಗ 1787ರಲ್ಲೇ ಹಾಕಿದ್ದಾರೆ. ಸೆನೆಟ್ಟಿನಲ್ಲಿ ಯಾವ ರಾಜ್ಯದ ಸಮಾನ ಓಟನ್ನೂ ಆ ರಾಜ್ಯದ ಒಪ್ಪಿಗೆ ಇಲ್ಲದೆ ಕಿತ್ತುಕೊಳ್ಳುವಂತಿಲ್ಲ. 1790ರಲ್ಲಿ ವರ್ಜೀನಿಯಾ ಡೆಲವೇರ್‌ಗಿಂತ ಸುಮಾರು 13 ಪಟ್ಟು ದೊಡ್ಡದು. 2020ರ ಗಣತಿಯಲ್ಲಿ ಕ್ಯಾಲಿಫೋರ್ನಿಯಾ 3.95 ಕೋಟಿ, ವಯೋಮಿಂಗ್ 5.77 ಲಕ್ಷ. ಸುಮಾರು 68 ಪಟ್ಟು. ಎರಡಕ್ಕೂ ಇಬ್ಬಿಬ್ಬರೇ ಸೆನೆಟರುಗಳು.

ನೀಲಿಶಾಯಿ

ಅಂದರೆ ಒಂದು ರಾಜ್ಯದ ಅಂತರದಲ್ಲಿ ಗೆದ್ದ ಜುಲೈ 16ರ ಚೌಕಾಶಿಗೆ ಅತಿ ಗಟ್ಟಿ ಬೀಗ. ನನ್ನ ಪ್ರಕಾರ ಅದು ಅನ್ಯಾಯ.

ಧಾರವಾಡದ ಮೇಷ್ಟ್ರು

ಆ ಬೀಗ ಇಲ್ಲದಿದ್ದರೆ ಚಿಕ್ಕ ರಾಜ್ಯಗಳು ಒಳಗೆ ಬರುತ್ತಲೇ ಇರಲಿಲ್ಲ. ಮಾತು ಕೊಟ್ಟ ಮೇಲೆ ದೊಡ್ಡವರು ಅದನ್ನು ಬಹುಮತದಿಂದ ಮುರಿಯುವಂತಿರಬಾರದು. ಇದರಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯ ಇರಲಿ.

ಮಂಗಳೂರು ವಕೀಲ

ಎರಡನೇ ಪ್ರಶ್ನೆಗೆ ಉತ್ತರ. ಉಳಿದ ಎರಡರಲ್ಲಿ ಒಂದು ಸಂಬಳದ್ದು. ಕಾಂಗ್ರೆಸ್ ಸದಸ್ಯರು ತಮ್ಮ ಸಂಬಳ ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆ ಆದ ಮೇಲೆ ಮಾತ್ರ ಜಾರಿಗೆ ಬರಬೇಕು. 1789ರಲ್ಲಿ ಕಳಿಸಿದ್ದು ಹಾಗೇ ಬಿದ್ದಿತ್ತು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ, ಇದಕ್ಕೆ ಕಾಲಮಿತಿ ಇಲ್ಲ, ಈಗಲೂ ಪಾಸು ಮಾಡಬಹುದು ಎಂದು ಪ್ರಬಂಧ ಬರೆದ. ಅದಕ್ಕೆ ಸಿ ಗ್ರೇಡ್ ಬಂತು. ಅವನು ಬಿಡಲಿಲ್ಲ, ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತಾ ಹೋದ. 1992ರ ಮೇ ತಿಂಗಳಲ್ಲಿ ಬೇಕಾದಷ್ಟು ರಾಜ್ಯಗಳು ಸೇರಿ ಅದು 27ನೇ ತಿದ್ದುಪಡಿ ಆಯಿತು.

ಇನ್ನೊಂದು ಕೆಳಮನೆಯಲ್ಲಿ ಎಷ್ಟು ಜನರಿಗೆ ಒಬ್ಬ ಪ್ರತಿನಿಧಿ ಎಂಬ ಲೆಕ್ಕದ್ದು. ಫಿಲಡೆಲ್ಫಿಯಾದ ಕೊನೆಯ ದಿನ ವಾಷಿಂಗ್ಟನ್ ಎದ್ದು ಮಾತಾಡಿದ್ದೂ ಇದರ ಬಗ್ಗೆಯೇ. 40,000ಕ್ಕೆ ಒಬ್ಬ ಎಂಬ ಮಿತಿ ಜಾಸ್ತಿ ಆಯಿತು, 30,000 ಮಾಡಿ ಎಂದ. ಚರ್ಮಪತ್ರದಲ್ಲಿ ಆಗಲೇ ಬರೆದಾಗಿತ್ತು, ಅಲ್ಲೇ ಕೆರೆದು ತಿದ್ದಿದರು. ಈಗ 435 ಸದಸ್ಯರು, ಒಬ್ಬೊಬ್ಬರಿಗೆ ಸರಾಸರಿ 7.6 ಲಕ್ಷ ಜನ. ಆ ತಿದ್ದುಪಡಿಗೂ ಕಾಲಮಿತಿ ಇಟ್ಟಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಇವತ್ತಿಗೂ ರಾಜ್ಯಗಳ ಮುಂದೆ ಬಾಕಿ ಇದೆ, 38 ಆದರೆ ಪಾಸು.